ಎಚ್-ಇಂಡೆಕ್ಸ್: 12 ವರ್ಷದ ಬಳಕೆ, ಒಂದು ಇಳಿತ

ಇಂಥದ್ದಕ್ಕೂ ವಿಮರ್ಶೆ ಬರೀತಾರಾ ಅಂತ ನಗಬೇಡಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನಾನು ದಿನಾ ತಪ್ಪದೆ ಬಳಸುವ ವಸ್ತು ಅಂದರೆ ಕಾಫಿ ಫಿಲ್ಟರ್ ಬಿಟ್ಟರೆ ಈ ಎಚ್-ಇಂಡೆಕ್ಸೇ: ನಮ್ಮ ಪ್ರಬಂಧಗಳನ್ನು ಬೇರೆ ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಉಲ್ಲೇಖಿಸಿದ್ದಾರೆ ಅಂತ ಅಳೆಯುವ ಸಂಖ್ಯೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಜಾಲತಾಣದಲ್ಲಿ ನನ್ನ ಪ್ರಬಂಧಗಳ ಪಟ್ಟಿಯಿರುವ ಉಚಿತ ಪ್ರೊಫೈಲ್ ಪುಟ ತೆರೆದು ಉಲ್ಲೇಖ ಎಷ್ಟಾಯಿತು, ಎಚ್ ಎಷ್ಟಾಯಿತು ಅಂತ ನೋಡಬೇಕು. ನಿನ್ನೆ 1,106 ಇದ್ದದ್ದು ಇವತ್ತು 1,107 ಆಗಿದ್ದರೆ ಆ ಕಾಫಿಗೆ ಸಕ್ಕರೆ ಮರೆತರೂ ಗೊತ್ತಾಗುವುದಿಲ್ಲ.

ಲೆಕ್ಕ ಸುಲಭ: ತಲಾ 10 ಸಲವಾದರೂ ಉಲ್ಲೇಖಗೊಂಡ ಪ್ರಬಂಧ 10 ಇದ್ದರೆ ಎಚ್ 10, ಅದು 11 ಆಗಲು ತಲಾ 11 ಉಲ್ಲೇಖದ 11 ಪ್ರಬಂಧ ಬೇಕು. 2005ರಲ್ಲಿ ಹೊರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಹೇಳಿಕೊಟ್ಟ ಲೆಕ್ಕ. ಎರಡೇ ವರ್ಷದಲ್ಲಿ ನಮ್ಮ ರಸಾಯನಶಾಸ್ತ್ರದವರು ಅದನ್ನು ಎತ್ತಿಕೊಂಡು, ಬದುಕಿರುವ ದೊಡ್ಡವರನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿಬಿಟ್ಟರು. 2007ರ ಆ ಪಟ್ಟಿಯ ತುದಿಯಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್, ಎಚ್ 135. ನಮ್ಮ ಸಿ.ಎನ್.ಆರ್. ರಾವ್ 2013ರಲ್ಲಿ 100 ಮುಟ್ಟಿದಾಗ ಪತ್ರಿಕೆಗಳು ಸೆಂಚುರಿ ಬಾರಿಸಿದ ಹಾಗೆ ಬರೆದವು. ಅದೇ ವರ್ಷದ ಕೊನೆಗೆ ಅವರಿಗೆ ಭಾರತರತ್ನ ಘೋಷಣೆಯಾಯಿತು. ಆ ಹುಮ್ಮಸ್ಸಿನಲ್ಲೇ ನಾನೂ ಪ್ರೊಫೈಲ್ ತೆರೆದೆ. ನನ್ನದು 4.

ಮೊದಲ ಕೆಲವು ವರ್ಷ ಇದರಷ್ಟು ಖುಷಿ ಕೊಟ್ಟದ್ದು ಇನ್ನೊಂದಿಲ್ಲ. ಸಂಖ್ಯೆಯಿಂದಲ್ಲ, ಯಾರಾದರೂ ಉಲ್ಲೇಖಿಸಿದಾಗ ಬರುವ ಮೇಲ್‌ನಿಂದ. ನನ್ನ ಕೆಲಸ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡ್: 70 ಪಾಲು ಗ್ರಾಫೈಟ್ ಪುಡಿ, 30 ಪಾಲು ಸಿಲಿಕೋನ್ ಎಣ್ಣೆ, ಅಗೇಟ್ ಕಲ್ಲಿನ ಪುಟ್ಟ ಒರಳಿನಲ್ಲಿ ಅರ್ಧ ಗಂಟೆ ಅರೆದು ಕೊಳವೆಯ ತುದಿಗೆ ತುಂಬಿ, ನುಣುಪು ಕಾಗದದ ಮೇಲೆ ಉಜ್ಜಿ ಹೊಳಪು ಬರಿಸಿ, ಅದರಿಂದ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕವನ್ನು ಪತ್ತೆ ಮಾಡುವುದು. ಒಂದು ಸಲ ಬ್ರೆಜಿಲ್‌ನವರ ಪ್ರಬಂಧವೊಂದು ನಮ್ಮದನ್ನು ಉಲ್ಲೇಖಿಸಿತ್ತು. ತೆರೆದು ನೋಡಿದರೆ ಫಲಿತಾಂಶಕ್ಕಲ್ಲ, ಅರೆಯುವ ವಿಧಾನಕ್ಕೆ. ಎಣ್ಣೆಯನ್ನು ಹನಿಹನಿಯಾಗಿ ಹಾಕಬೇಕು ಅಂತ ನನ್ನ ವಿದ್ಯಾರ್ಥಿನಿ ಹಟ ಹಿಡಿದು ಸೇರಿಸಿದ್ದ ಒಂದೇ ಸಾಲಿಗೆ. ಅವಳಿಗೆ ಫೋನ್ ಮಾಡಿ ಹೇಳಿದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಿದ್ದೀನಿ ಸರ್, ಒಂದ್ನಿಮಿಷ, ಅಂದಳು.

ಇನ್ನು ದೋಷಕ್ಕೆ ಬರೋಣ. ದೋಷ ಒಂದೇ, ಆದರೆ ನಮ್ಮ ಕಡೆಯವರಿಗೇ ಹೇಳಿ ಮಾಡಿಸಿದಂಥದ್ದು: ಹೆಸರು.

ನನ್ನ ಹೆಸರಿನ ಮೊದಲ ಇನಿಷಿಯಲ್ ಊರು, ಎರಡನೆಯದು ಅಪ್ಪ, ಆಮೇಲೆ ಪ್ರತಿ ಬೀದಿಯಲ್ಲೂ ಇಬ್ಬಿಬ್ಬರು ಸಿಗುವ ಒಂದು ಹೆಸರು. ಯಂತ್ರಕ್ಕೆ ಕೊನೆಯದೇ ಮನೆತನ. ಅದರ ಪ್ರಕಾರ ನಾನೇ ನನ್ನ ವಂಶ. ಊರು ಮತ್ತು ಅಪ್ಪ ಸೇರಿ ನಾನು. ಇದೇ ಅಕ್ಷರಗಳ ಇನ್ನೊಬ್ಬರು ಪಶುವೈದ್ಯಕೀಯದಲ್ಲಿದ್ದಾರೆ, ಆಡುಗಳ ಹೊಟ್ಟೆಹುಳುವಿನ ಬಗ್ಗೆ ಬರೆಯುತ್ತಾರೆ. ನನ್ನ ಹೆಸರಿನ ಹೊಸ ಲೇಖನಗಳು ಪ್ರೊಫೈಲ್‌ಗೆ ತಾವಾಗಿ ಸೇರಿಕೊಳ್ಳಲಿ ಅಂತ ಎಂದೋ ಗುರುತು ಹಾಕಿದ್ದೆ. ಒಂದು ಬೆಳಿಗ್ಗೆ ನೋಡುತ್ತೇನೆ, ಎಚ್ 17 ಇದ್ದದ್ದು 23! ಕೆಳಗೆ ಡೋಪಮೈನ್ ಪಕ್ಕದಲ್ಲೇ ಆಡುಗಳು.

ಸರಿ ಮಾಡಲು ಎರಡು ನಿಮಿಷ ಸಾಕು. ನಾನು ನಾಲ್ಕು ತಿಂಗಳು ಮಾಡಲಿಲ್ಲ. ಇವತ್ತು ಬೇಡ, ನಾಳೆ ನೋಡೋಣ ಅಂತ ದಿನಾ ಕಾಫಿ ಜೊತೆ 23ನ್ನೂ ಸವಿದೆ. ಅಷ್ಟರಲ್ಲಿ ಕಾಲೇಜಿನವರು ಅಧ್ಯಾಪಕರ ಶ್ರೇಯಾಂಕ ಪಟ್ಟಿ ತೆಗೆದು, ನನ್ನನ್ನು ವಿಜ್ಞಾನ ವಿಭಾಗಕ್ಕೇ ಎರಡನೆಯವನನ್ನಾಗಿಸಿ, ಗೇಟಿನ ಬಳಿ ಫ್ಲೆಕ್ಸ್ ಕಟ್ಟಿಸಿದರು. ಫ್ಲೆಕ್ಸ್‌ನಲ್ಲಿ ನನ್ನ ಮುಖ ನೋಡಿದ ದಿನ ರಾತ್ರಿ ಕೂತು ಆಡುಗಳನ್ನೆಲ್ಲ ಹೊರಗಟ್ಟಿದೆ.

ಎಚ್ ಏರಬಹುದು, ನಿಲ್ಲಬಹುದು, ಸಾಮಾನ್ಯವಾಗಿ ಇಳಿಯುವುದಿಲ್ಲ. ಸತ್ತ ಮೇಲೂ ಏರುತ್ತದೆ. ಹಾಗಾಗಿ ಮುಖ್ಯಸ್ಥರಿಗೆ ಅರ್ಥವೇ ಆಗಲಿಲ್ಲ. "ಏನ್ರೀ, ಇಳಿದುಬಿಟ್ರಿ?" ಅಂದರು, ಬಸ್ಸಿನಿಂದ ಇಳಿದವನನ್ನು ಕೇಳುವ ಹಾಗೆ. ವಿವರಿಸಿದೆ. ಪಟ್ಟಿ ಬದಲಾಗಲಿಲ್ಲ, ಫ್ಲೆಕ್ಸ್‌ಗೆ ದುಡ್ಡು ಆಗಲೇ ಕೊಟ್ಟಾಗಿತ್ತು. ಸ್ನೇಹಿತರ ವಿಶ್ವವಿದ್ಯಾಲಯದಲ್ಲಿ ದುಡ್ಡು ಕೊಟ್ಟು ತರಿಸುವ ಡೇಟಾಬೇಸ್ ಇದೆ, ಅದರಲ್ಲಿ ನನ್ನ ಎಚ್ 14. ಯಾವುದು ನಿಜ ಅಂತ ಕೇಳಬೇಡಿ. ನಮ್ಮ ಕಾಲೇಜಿಗೆ ಅದು ಎಟುಕುವುದಿಲ್ಲ, ಹಾಗಾಗಿ ನಾನು 17.

ಅಲ್ಲಿಂದ ಈಚೆ ದೊಡ್ಡವರ ಪಟ್ಟಿಗಳನ್ನೂ ಬೇರೆ ಕಣ್ಣಿನಿಂದ ನೋಡುತ್ತೇನೆ. 2011 ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ವರ್ಷ. ಆಗ ಥಾಮ್ಸನ್ ರಾಯ್ಟರ್ಸ್ ಎಂಬ ಮಾಹಿತಿ ಸಂಸ್ಥೆ ಉಲ್ಲೇಖಗಳ ಲೆಕ್ಕದಲ್ಲಿ ಹಿಂದಿನ ದಶಕದ 100 ರಸಾಯನವಿಜ್ಞಾನಿಗಳನ್ನು ಆರಿಸಿತ್ತು. ಮೊದಲ ಸ್ಥಾನ ಚಾರ್ಲ್ಸ್ ಲೀಬರ್, ಎರಡನೆಯದು ಒಮರ್ ಯಾಘಿ. ಹತ್ತು ವರ್ಷದ ಮೇಲೆ, 2021ರ ಡಿಸೆಂಬರಿನಲ್ಲಿ, ಚೀನಾ ಜೊತೆಗಿನ ನಂಟಿನ ಬಗ್ಗೆ ಸುಳ್ಳು ಹೇಳಿದ್ದಕ್ಕೆ ಲೀಬರ್ ತಪ್ಪಿತಸ್ಥ ಅಂತ ಅಮೆರಿಕದ ನ್ಯಾಯಾಲಯದಲ್ಲಿ ತೀರ್ಪಾಯಿತು. ಯಾಘಿಗೆ 2025ರಲ್ಲಿ ನೊಬೆಲ್ ಬಂತು. ಪಟ್ಟಿಯಲ್ಲಿ ಇಬ್ಬರ ನಡುವೆ ಒಂದೇ ಮೆಟ್ಟಿಲು.

ಜೀವರಸಾಯನ ವಿಜ್ಞಾನಿ ಆಲಿವರ್ ಲೌರಿಯವರದ್ದು ಇನ್ನೂ ತಮಾಷೆ. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ಅವರ 1951ರ ಪ್ರಬಂಧಕ್ಕೆ ಉಲ್ಲೇಖಗಳು 3 ಲಕ್ಷ ದಾಟಿವೆ. ಎಚ್ ಲೆಕ್ಕದಲ್ಲಿ ಅದೂ ಒಂದೇ ಪ್ರಬಂಧ. ಹರಳಿನ ರಚನೆ ಬಿಡಿಸುವ ಶೆಲ್‌ಎಕ್ಸ್ ತಂತ್ರಾಂಶದ ಬಗ್ಗೆ ಅದನ್ನು ರೂಪಿಸಿದ ಶೆಲ್ಡ್ರಿಕ್ 2008ರಲ್ಲಿ ಬರೆದ ಒಂದೇ ಲೇಖನದಿಂದ, ಅದನ್ನು ಪ್ರಕಟಿಸಿದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಇತ್ತೀಚಿನ ಲೇಖನಕ್ಕೆ ಸರಾಸರಿ ಎಷ್ಟು ಉಲ್ಲೇಖ ಅನ್ನುವ ಅಳತೆ) 2ರ ಆಸುಪಾಸಿನಿಂದ ಸುಮಾರು 50ಕ್ಕೆ ಹಾರಿತು. ಪತ್ರಿಕೆಗೂ ಆಡುಗಳು ನುಗ್ಗಬಹುದು ಅನ್ನಿ. ಹಿರ್ಶ್ ಅವರೇ 2020ರಲ್ಲಿ, ತಮ್ಮ ಈ ಅಳತೆ ಭಾರಿಯಾಗಿ ಎಡವಬಲ್ಲದು ಅಂತ ಬರೆದುಕೊಂಡರು. ಹದಿನೈದು ವರ್ಷ ತಡವಾಯಿತು, ಇರಲಿ.

ನಕ್ಷತ್ರ ಕೊಡಲೇಬೇಕು ಅಂದರೆ 5ಕ್ಕೆ 3. ಮೂರೂ ಆ ಮೇಲ್‌ಗಳಿಗೆ. ಹೊಸದಾಗಿ ಶುರು ಮಾಡುವವರು ಮೊದಲು ಆರ್ಕಿಡ್ (ORCID), ಅಂದರೆ ಒಬ್ಬ ಸಂಶೋಧಕರಿಗೆ ಒಂದೇ ಎಂಬಂತೆ ಕೊಡುವ ಗುರುತಿನ ಸಂಖ್ಯೆ, ಮಾಡಿಸಿಕೊಳ್ಳಿ. ಪುಕ್ಕಟೆ ಸಿಗುತ್ತದೆ, 16 ಅಂಕಿ, ಆಧಾರ್‌ಗಿಂತ 4 ಹೆಚ್ಚು. ಲೇಖನಗಳು ತಾವಾಗಿ ಸೇರಿಕೊಳ್ಳುವ ಆ ಗುರುತನ್ನು ತೆಗೆದುಹಾಕಿ.

ನಾನು ತೆಗೆದಿದ್ದೇನೆ. ಆದರೂ ತಿಂಗಳಿಗೊಮ್ಮೆ ಪುಟ ಕೇಳುತ್ತದೆ: ಈ ಲೇಖನ ನಿಮ್ಮದೇ? ಅಲ್ಲ ಅಂತ ಒತ್ತುತ್ತೇನೆ, ಒತ್ತುವ ಮೊದಲು ಸಾರಾಂಶ ಓದುತ್ತೇನೆ. ಮೊನ್ನೆ ಊರಿಗೆ ಹೋದಾಗ ಚಿಕ್ಕಪ್ಪನ ಆಡೊಂದು ಸೊರಗಿ ಕೂತಿತ್ತು. ಹತ್ತಿರ ಹೋಗಿ ಅದರ ಕೆಳರೆಪ್ಪೆ ಮೆಲ್ಲಗೆ ಕೆಳಗೆಳೆದು ನೋಡಿದೆ. ಒಳಗೆ ಕೆಂಪೇ ಇಲ್ಲ, ಸುಣ್ಣದ ಹಾಗೆ ಬಿಳಿ. ರಕ್ತ ಹೀರುವ ಹುಳ ಇರಬೇಕು, ಇವತ್ತೇ ಡಾಕ್ಟರಿಗೆ ತೋರಿಸು ಅಂದೆ. ಚಿಕ್ಕಪ್ಪ ನನ್ನನ್ನೇ ನೋಡಿ, ನೀನು ಓದಿದ್ದು ಕೆಮಿಸ್ಟ್ರಿ ಅಲ್ವೇನೋ ಅಂದ.