ಇಜಿಎಫ್ ತರಿಸುವಾಗ: ಬಿಎಸ್‌ಎ ಇರುವುದೋ, ಇಲ್ಲದ್ದೋ?

ಹಾಸನದಲ್ಲಿ ಕೂತು ಜೀವಕೋಶ ಬೆಳೆಸುವವರು ಇಜಿಎಫ್‌ನ (ಕೋಶಗಳನ್ನು ಬೆಳೆಯುವಂತೆ ಪ್ರಚೋದಿಸುವ ಪ್ರೋಟೀನ್) ಒಂದು ಪುಟ್ಟ ವಯಲ್‌ಗೂ ಎಷ್ಟೋ ದಿನ ಕಾಯಬೇಕು. ಹಾಗಾಗಿ ಆರ್ಡರ್ ಮಾಡುವ ಮೊದಲೇ ಯೋಚಿಸುವುದು ಒಳ್ಳೆಯದು, ಅಲ್ವಾ?

ಮನುಷ್ಯರ ಇಜಿಎಫ್‌ನಲ್ಲಿ ಇರುವುದು 53 ಅಮೈನೋ ಆಮ್ಲ ಮಾತ್ರ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ್ದೇ ಸಾಮಾನ್ಯ ಕಲ್ಚರ್‌ಗೆ ಸಾಕು. ಜಾಸ್ತಿ ದುಡ್ಡು ಕೊಟ್ಟು ಮನುಷ್ಯರ ಜೀವಕೋಶದಲ್ಲಿ ತಯಾರಾದದ್ದನ್ನು ಸುಮ್ನೆ ತರಿಸಬೇಡಿ. ರೋಗನಿರೋಧಕ ಕೋಶಗಳ ಮೇಲೆ ಕೆಲಸವಿದ್ದರೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ವಿಷ) ಮಟ್ಟ ನೋಡಿಕೊಳ್ಳಿ.

ನಿಜವಾದ ಆಯ್ಕೆ ಬಿಎಸ್‌ಎ ವಿಷಯದಲ್ಲಿದೆ. ಇದು ಹಸುವಿನ ರಕ್ತದ ಅಲ್ಬುಮಿನ್ ಎಂಬ ಪ್ರೋಟೀನ್, ಕೆಲವು ವಯಲ್‌ಗಳಲ್ಲಿ ಇಜಿಎಫ್ ಜೊತೆ ಬೆರೆಸಿರುತ್ತಾರೆ. ಪ್ರೋಟೀನ್ ತೀರಾ ಕಡಿಮೆ ಇದ್ದಾಗ ಟ್ಯೂಬಿನ ಗೋಡೆಗೆ ಅಂಟಿ ಕಳೆದುಹೋಗುತ್ತದೆ. ಅಲ್ಬುಮಿನ್ ಆ ಜಾಗ ಹಿಡಿದು ಇಜಿಎಫ್ ಅನ್ನು ಉಳಿಸುತ್ತದೆ. ಮೀಡಿಯಾಗೆ (ಕೋಶ ಬೆಳೆಸುವ ಪೋಷಕ ದ್ರವ) ಹಾಕಿ ಕೋಶ ಬೆಳೆಸುವವರಿಗೆ ನನ್ನ ಸಲಹೆ ಬಿಎಸ್‌ಎ ಇರುವುದೇ.

ಆದರೆ ಇಜಿಎಫ್‌ಗೆ ಬಣ್ಣದ ಲೇಬಲ್ ಅಂಟಿಸಬೇಕೇ? ಎಲೈಸಾ (ಪ್ರೋಟೀನ್ ಪತ್ತೆಹಚ್ಚಿ ಅಳೆಯುವ ಪರೀಕ್ಷೆ) ಪ್ಲೇಟಿಗೆ ಲೇಪಿಸಬೇಕೇ? ಆಗ ಬಿಎಸ್‌ಎ ಇಲ್ಲದ್ದೇ ಬೇಕು. ಇಲ್ಲದಿದ್ದರೆ ಲೇಬಲ್‌ನ ಬಹುಪಾಲು ಅಲ್ಬುಮಿನ್‌ಗೇ ಹೋಗುತ್ತದೆ. ಬೇಕಾದರೆ ಬಿಎಸ್‌ಎಯನ್ನು ಆಮೇಲೆ ನಾವೇ ಸೇರಿಸಬಹುದು, ಸೇರಿಸಿದ್ದನ್ನು ತೆಗೆಯುವುದು ಕಷ್ಟ.

ಎರಡೂ ಸಾಮಾನ್ಯವಾಗಿ ಒಣಪುಡಿಯಾಗಿ ಬರುತ್ತವೆ. ಮುಚ್ಚಳ ತೆಗೆಯುವ ಮೊದಲು ವಯಲನ್ನು ಸೆಂಟ್ರಿಫ್ಯೂಜ್‌ನಲ್ಲಿ ಸ್ವಲ್ಪ ತಿರುಗಿಸಿ, ಪುಡಿ ಕೆಳಗೆ ಕೂರಲಿ. ಕರಗಿಸಿದ ಮೇಲೆ ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಫ್ರೀಜರ್‌ಗೆ ಇಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಕಡೆ ಯುಪಿಎಸ್ ಇರುವ ಫ್ರೀಜರನ್ನೇ ಹುಡುಕಿ. ಪದೇ ಪದೇ ಹೆಪ್ಪುಗಟ್ಟಿ ಕರಗಿದರೆ ಎರಡೂ ಬಗೆಯ ಇಜಿಎಫ್ ಶಕ್ತಿ ಕಳೆದುಕೊಳ್ಳುತ್ತವೆ.