ಹಳೆಯ ನಾಣ್ಯ ಕೊಳ್ಳಲು ಹರಾಜು ಸಂಸ್ಥೆಯೋ, ಮೊಬೈಲ್ ಗುಂಪೋ?

ಹಾಸನದಲ್ಲಿ ಕುಳಿತು ಮೈಸೂರಿನ ಹಳೆಯ ನಾಣ್ಯ ಕೊಳ್ಳುವುದಾದರೆ ನನ್ನ ಮತ ಆನ್‌ಲೈನ್ ಹರಾಜು ನಡೆಸುವ ನಾಣ್ಯ ಸಂಸ್ಥೆಗಳಿಗೆ. ಗೆದ್ದ ಬೆಲೆಯ ಮೇಲೆ ಕಮಿಷನ್, ಅದಕ್ಕೆ ಜಿಎಸ್‌ಟಿ, ಅಂಚೆ ಖರ್ಚು ಬೇರೆ, ಆದರೂ ಅಲ್ಲಿಗೇ.

ಮೊಬೈಲ್ ಗುಂಪಿನ ಹರಾಜು ಅಗ್ಗ, ಚುರುಕು. ರಾತ್ರಿ ಊಟದ ಹೊತ್ತಿಗೆ ಚಿತ್ರ ಬರುತ್ತದೆ, ಕೈ ತೊಳೆಯುವಷ್ಟರಲ್ಲಿ ಸವಾಲು ಮುಗಿದಿರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯವೊಂದನ್ನು ಹೀಗೆಯೇ ಗೆದ್ದೆ: ಒಂದು ಕಡೆ ಆನೆ, ಇನ್ನೊಂದು ಕಡೆ ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರ.

ತಕರಾರು ಶುರುವಾದದ್ದು ಪೊಟ್ಟಣ ಕೈಸೇರಿದ ಮೇಲೆ. ನಾಣ್ಯ ಚೌಕಾಕಾರದ ರಟ್ಟಿನ ನಡುವೆ ಇತ್ತು, ನಾಲ್ಕೂ ಕಡೆ ಸ್ಟೇಪ್ಲರ್ ಪಿನ್ನು. ಗುಂಪಿನ ನಿಯಮದ ಪ್ರಕಾರ ನಕಲಿಯಾದರೆ ವಾಪಸು ಕೊಡಬಹುದು, ಆದರೆ ಪಿನ್ನು ತೆಗೆದಿರಬಾರದು. ಎರಕದ ನಕಲಿಯನ್ನು, ಎಂದರೆ ಲೋಹ ಕರಗಿಸಿ ಅಚ್ಚಿಗೆ ಸುರಿದು ಮಾಡಿದ್ದನ್ನು, ಹಿಡಿಯುವುದಾದರೂ ಹೇಗೆ? ಅಂಚಿನಲ್ಲಿ ಎರಕದ ಗೆರೆ ಇದೆಯೇ ಎಂದು ನೋಡಬೇಕು, ತಕ್ಕಡಿಗೆ ಹಾಕಿ ತೂಗಬೇಕು. ಅಂಚು ರಟ್ಟಿನೊಳಗೆ ಅಡಗಿದೆ. ತೂಗಿದರೆ ರಟ್ಟು, ಪಿನ್ನು ಸೇರಿಯೇ ತೂಗಬೇಕು. ಹಾಸನದ ಎಪಿಎಂಸಿಯಲ್ಲಿ ಆಲೂಗಡ್ಡೆಯ ಮೂಟೆಯನ್ನಾದರೂ ಬಿಚ್ಚಿ ನೋಡಬಹುದು.

ಪಿನ್ನು ಕಿತ್ತೆ. ಅಂಚಿನ ಸುತ್ತ ಗೆರೆ, ಆನೆಯ ಹೊಟ್ಟೆಯ ಮೇಲೆ ಸೂಜಿಮೊನೆಯಂಥ ಗುಳಿಗಳು, ಅಕ್ಷರಗಳೋ ಸವೆದ ಸೋಪಿನಂತೆ ನುಣುಪು. ಚಿತ್ರ ಕಳುಹಿಸಿದೆ. ‘ಪಿನ್ನು ತೆಗೆದಿದ್ದೀರಲ್ಲ ಸಾರ್’ ಎಂದರು ನಿರ್ವಾಹಕರು. ಮಾರಿದವರು ಗುಂಪಿನಿಂದಲೇ ಕಾಣೆಯಾಗಿದ್ದರು. ಹಣವನ್ನು ಮೊದಲೇ ನೇರವಾಗಿ ಅವರ ಖಾತೆಗೆ ಹಾಕಬೇಕೆಂಬುದೂ ಗುಂಪಿನದೇ ನಿಯಮ.

ನಾನು ಕೊಳ್ಳುವ ಸಂಸ್ಥೆಯ ಕ್ಯಾಟಲಾಗಿನಲ್ಲಿ ತೂಕ ಗ್ರಾಂ ಲೆಕ್ಕದಲ್ಲಿ ಇರುತ್ತದೆ, ಎರಡೂ ಮುಖದ ದೊಡ್ಡ ಚಿತ್ರ ಇರುತ್ತದೆ, ನಾಣ್ಯದ ಜೊತೆ ಬಿಲ್ಲು ಬರುತ್ತದೆ. ಮಾರುವವರ ಕಡೆಯವರೇ ಸವಾಲು ಏರಿಸುವ ಆಟ ಅಲ್ಲಿ ನಡೆಯುವುದೇ ಇಲ್ಲವೆಂದು ಆಣೆ ಮಾಡಲಾರೆ. ಹಿಂದಿನ ಹರಾಜಿನ ಬೆಲೆಗಳನ್ನು ತೆಗೆದು ತಾಳೆ ನೋಡಬಹುದು, ಅಷ್ಟೇ.

ಮಾರುವುದಕ್ಕೆ ಜಾಹೀರಾತು ತಾಣಗಳೂ ಇವೆ. ಅಲ್ಲಿ ಹಾಕಿದರೆ ಮೊದಲು ಬರುವುದು ‘ಹಣ ಪಡೆಯಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎಂಬ ಕರೆ. ಹಣ ಪಡೆಯಲು ಸ್ಕ್ಯಾನೂ ಬೇಕಿಲ್ಲ, ಯುಪಿಐ ಪಿನ್ನೂ ಬೇಕಿಲ್ಲ, ಫೋನ್ ಇಟ್ಟುಬಿಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಳೆಯ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರೂ ಇದ್ದಾರೆ. ಇಂಥ ಶುಲ್ಕ ತಾನು ಕೇಳುವುದೇ ಇಲ್ಲವೆಂದು ಬ್ಯಾಂಕು 2021ರ ಆಗಸ್ಟ್‌ನಲ್ಲಿಯೇ ಪ್ರಕಟಣೆ ಹೊರಡಿಸಿದೆ. ಹಣ ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನೂರಿನ್ನೂರು ರೂಪಾಯಿಯ ಬಿಡಿ ಕಾಸು ಕೂಡಿಡುವವರಿಗೆ ಗುಂಪೇ ಸಾಕು. ಅಷ್ಟು ಬೆಲೆಗೆ ನಕಲಿ ಮಾಡುವ ಕಷ್ಟ ಯಾರಿಗೆ ಬೇಕು? ನಾನು ಅಪರೂಪಕ್ಕೆ, ಆರಿಸಿ ಕೊಳ್ಳುವವನು. ಶೇ 20 ಕಮಿಷನ್ ಇರುವ ಕಡೆ, ಜೇಬಿನಲ್ಲಿ 3,000 ರೂಪಾಯಿ ಇದ್ದರೆ, ಜಿಎಸ್‌ಟಿ, ಅಂಚೆ ಖರ್ಚಿಗೂ ಉಳಿಸಿಕೊಂಡು, ನನ್ನ ಸವಾಲು 2,200ಕ್ಕೆ ನಿಲ್ಲುತ್ತದೆ. ಬಹಳ ಸಲ ಬೇರೆಯವರು 2,300ಕ್ಕೆ ಗೆದ್ದುಕೊಂಡು ಹೋಗುತ್ತಾರೆ.