ಶನಿವಾರದ ಬಟವಾಡೆಯವರೆಗೆ ಬಂದ ಪಾಠ

ದಾವಣಗೆರೆಯ ನಮ್ಮ ಕ್ರೈಸ್ತ ಸಭೆಯಲ್ಲಿ ಈ ಬಾರಿಯ ಲೆಂಟ್ ಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಆರು ಶುಕ್ರವಾರ ಸಂಜೆ, ಕ್ರೈಸ್ತ ಸಿದ್ಧಾಂತ ಮತ್ತು ದಿನದ ಬದುಕನ್ನು ಕುರಿತು ನಡೆದ ತರಗತಿಗೆ ಒಂದೂ ತಪ್ಪಿಸದೆ ಹೋಗಿಬಂದೆ. ಶುಲ್ಕವಿರಲಿಲ್ಲ, ಟಿಪ್ಪಣಿಯ ಜೆರಾಕ್ಸ್ ಪ್ರತಿಗೆ ಮಾತ್ರ 50 ರೂಪಾಯಿ ತೆಗೆದುಕೊಂಡರು.

ಮಂಡಿಪೇಟೆಯ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನನಗೆ, ದೇವತಾಶಾಸ್ತ್ರವೆಂದರೆ ಸಭಾಪಾಲಕರು ಓದಬೇಕಾದ ವಿಷಯವೆಂಬ ಭಾವನೆಯಿತ್ತು. ಅದನ್ನು ಬದಲಿಸಿದ್ದು ಮೂರನೆಯ ಪಾಠ. ಬಡ ಕೂಲಿಯವನ ಸಂಬಳವನ್ನು ಆಯಾ ದಿನವೇ, ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬ ಆಜ್ಞೆ ಸತ್ಯವೇದದ (ಬೈಬಲಿನ) ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿದೆ. ಬೋಧಕರು ಇದನ್ನು ನೀತಿಮಾತಾಗಿ ಹೇಳಿ ಮುಗಿಸದೆ, ಕೆಲವೇ ವಚನಗಳ ನಂತರ, ವಿಧವೆಯ ಬಟ್ಟೆಯನ್ನು ಒತ್ತೆಯಿಟ್ಟುಕೊಳ್ಳಬಾರದೆಂದ ಬೆನ್ನಿಗೇ ಬರುವ ಕಾರಣವನ್ನು ನಮ್ಮಿಂದಲೇ ಓದಿಸಿದರು: ನೀವೂ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸರಾಗಿದ್ದಿರಿ, ದೇವರು ನಿಮ್ಮನ್ನು ಬಿಡಿಸಿದನು. ಹಾಗೆ ಬಿಡುಗಡೆ ಹೊಂದಿದವನು ತನ್ನ ಬಳಿ ದುಡಿದವರನ್ನು ಬಾಗಿಲಲ್ಲಿ ನಿಲ್ಲಿಸಿ ಕಾಯಿಸುವಂತಿಲ್ಲವೆಂಬುದು ಆ ಸಂಜೆ ನನಗೆ ಅರ್ಥವಾಯಿತು. ಊರಿನವರು ಯೇಸುವನ್ನು ಬಡಗಿಯೆಂದೇ ಗುರುತಿಸಿದರೆಂದು ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆದಿರುವುದನ್ನೂ (6:3) ಅಂದೇ ಓದಿದೆವು. ದೇವರು ಮನುಷ್ಯನಾದನೆಂದು ನಂಬುವವರಿಗೆ ದುಡಿಯುವ ಕೈ ಎಂದೂ ಚಿಕ್ಕದಾಗಬಾರದು.

ನನ್ನ ಅಂಗಡಿಯಲ್ಲಿ ಕಾಜಾ-ಗುಂಡಿ ಹಾಕುವ ಇಬ್ಬರು ಹೆಂಗಸರಿದ್ದಾರೆ. ಗಿರಾಕಿಗಳ ಬಾಕಿ ಬಂದಿಲ್ಲವೆಂದು ಅವರ ಶನಿವಾರದ ಬಟವಾಡೆಯನ್ನು ಎಷ್ಟೋ ಸಲ ಸೋಮವಾರಕ್ಕೆ ತಳ್ಳಿದ್ದೆ; ನಡುವಿನ ದಿನ ಅವರ ಮನೆಯಲ್ಲಿ ಒಲೆ ಹೇಗೆ ಉರಿಯಿತೆಂದು ಕೇಳಿದವನಲ್ಲ. ಈಗ ಮುಂಗಡ ಪಡೆಯದೆ ಬಟ್ಟೆ ಕತ್ತರಿಸುವುದಿಲ್ಲ, ಬಂದ ಮುಂಗಡದಲ್ಲಿ ಮೊದಲು ಅವರ ಪಾಲನ್ನು ಬೇರೆ ಡಬ್ಬಿಗೆ ಹಾಕಿಡುತ್ತೇನೆ. ಈಸ್ಟರ್ ಕಳೆದ ಮೇಲೂ ಒಂದು ಶನಿವಾರವೂ ತಪ್ಪಿಲ್ಲ.

ಕ್ಷಮೆಯನ್ನು ಕುರಿತ ಐದನೆಯ ಪಾಠ ಮಾತ್ರ ನಿರಾಸೆ ತಂದಿತು. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಿಂದ ಏಳೆಪ್ಪತ್ತು ಸಾರಿ ಕ್ಷಮಿಸುವ ಮಾತನ್ನು ವಿಸ್ತಾರವಾಗಿ ಹೇಳಿದರೇ ಹೊರತು, ತಪ್ಪು ಮಾಡಿದವನ ಬಳಿಗೇ ಹೋಗಿ ಅವನ ತಪ್ಪನ್ನು ತಿಳಿಸಬೇಕೆನ್ನುವ ಅದೇ ಅಧ್ಯಾಯದ 15ನೆಯ ವಚನವನ್ನು ಮುಟ್ಟಲಿಲ್ಲ. ಕುಡಿದು ಹೊಡೆಯುವ ಗಂಡನನ್ನು ಕ್ಷಮಿಸುವುದೆಂದರೆ ಸುಮ್ಮನೆ ಸಹಿಸುವುದೇ ಎಂದು ಒಬ್ಬ ತಾಯಿ ಕೇಳಿದಾಗ, ಪ್ರಾರ್ಥನೆ ಮಾಡಿರಿ ಎಂಬ ಉತ್ತರವಷ್ಟೇ ಬಂದಿತು. ಆ ಪ್ರಶ್ನೆಗೆ ಒಂದು ಇಡೀ ಸಂಜೆಯನ್ನು ಮೀಸಲಿಡಬೇಕಿತ್ತೆಂದು ಸಭೆಯ ಹಿರಿಯರಿಗೆ ಬರೆದುಕೊಟ್ಟಿದ್ದೇನೆ.

ಟಿಪ್ಪಣಿಯ ಅಕ್ಷರ ಬಹಳ ಸಣ್ಣದು, ಆದ್ದರಿಂದ ಮನೆಯಿಂದಲೇ ಸತ್ಯವೇದವನ್ನು ತರುವುದು ಒಳ್ಳೆಯದು. ತರಗತಿ ಮತ್ತೆ ನಡೆದರೆ, ನಾಲ್ಕು ಜನರಿಗೆ ಕೂಲಿ ಕೊಡುವವರು ಮೂರನೆಯ ಪಾಠಕ್ಕಾದರೂ ಬರಲಿ. ಸಾಧ್ಯವಾದರೆ ಅಂದು ತಮ್ಮ ಕೆಲಸದವರನ್ನೂ ಜೊತೆಗೆ ಕರೆತರಲಿ.